ಮನೆ ಕಂಪ್ಯೂಟರಿಗೆ ಸುಲಭದ ಬ್ಯಾಕಪ್, ಡಿಸ್ಕ್ ಇಮೇಜ್ ಸಾಫ್ಟ್‌ವೇರ್ ಯಾವುದು? (ತುಮಕೂರು)

ಬಟವಾಡಿ ಮನೆ:
ಎಲ್ಲರಿಗೂ ನಮಸ್ಕಾರ. ಮನೆಯ ಡೆಸ್ಕ್‌ಟಾಪಿಗೆ ಬ್ಯಾಕಪ್ ಸಾಫ್ಟ್‌ವೇರ್ ಬೇಕು. ವಿಂಡೋಸ್ 11 ಇದೆ. ಸಿ ಡ್ರೈವ್ 256 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ಮದರ್‌ಬೋರ್ಡಿಗೇ ಕೂರುವ ಬಗೆ), 140 ಜಿಬಿ ತುಂಬಿದೆ. ಡಿ ಡ್ರೈವ್ 1 ಟಿಬಿ ಹಾರ್ಡ್ ಡಿಸ್ಕ್, ಫೋಟೊ, ವಿಡಿಯೊ, ಮಕ್ಕಳ ನೋಟ್ಸು ಸೇರಿ 380 ಜಿಬಿ. ಹೊರಗೆ ಹಾಕುವ 1 ಟಿಬಿ ಯುಎಸ್‌ಬಿ 3.0 ಡಿಸ್ಕ್ ಒಂದಿದೆ, 8 ಜಿಬಿ ಪೆನ್‌ಡ್ರೈವ್ ಇದೆ. ಎಸ್‌ಎಸ್‌ಡಿ ಕೈಕೊಟ್ಟರೆ ವಿಂಡೋಸ್, ನುಡಿ (ಕನ್ನಡ ಟೈಪಿಂಗ್), ಟ್ಯಾಲಿ (ಲೆಕ್ಕಪತ್ರ), ಪ್ರಿಂಟರ್ ಎಲ್ಲ ಇದ್ದ ಹಾಗೇ ವಾಪಸ್ ಬರಬೇಕು. ಉಚಿತವಾಗಿದ್ದರೆ ಒಳ್ಳೆಯದು. ಮುಖ್ಯ ವಿಷಯ, ನಾನಿಲ್ಲದಾಗ ಮನೆಯ ಇನ್ನೊಬ್ಬರೂ ನಡೆಸುವ ಹಾಗಿರಬೇಕು. ಮ್ಯಾಕ್ರಿಯಂ ಉಚಿತ ಆವೃತ್ತಿ ಹಾಕಿದ್ದೆ. ಅದನ್ನೇ ಮುಂದುವರಿಸಬಹುದೇ?

ಕ್ಯಾತ್ಸಂದ್ರ ಹಾರ್ಡ್‌ವೇರ್:
ಮೇಡಂ, ಮ್ಯಾಕ್ರಿಯಂ ರಿಫ್ಲೆಕ್ಟ್ ಫ್ರೀ ಕಥೆ 2024ರ ಜನವರಿ 1ಕ್ಕೇ ಮುಗೀತು, ಅಲ್ಲಿಂದಾಚೆ ಅಪ್‌ಡೇಟ್ ಇಲ್ಲ. ಹಾಕಿರೋದು ಓಡುತ್ತೆ, ಹಳೇ ಇಮೇಜು (ಡಿಸ್ಕನ್ನ ಇದ್ದ ಹಾಗೇ ಫೈಲಾಗಿ ಹಿಡಿದಿಟ್ಟ ನಕಲು) ತೆರೆಯುತ್ತೆ, ಆದ್ರೆ ಹೊಸದಾಗಿ ಅದರ ಮೇಲೆ ಭಾರ ಹಾಕ್ಬೇಡಿ. ಈಗಿನ ರಿಫ್ಲೆಕ್ಟ್ ಎಕ್ಸ್ ದುಡ್ಡು ಕೊಟ್ಟು ತಗೊಳ್ಳೋದು, 30 ದಿನ ಪರೀಕ್ಷೆಗೆ ಸಿಗುತ್ತೆ.

ಉಚಿತದಲ್ಲಿ ನಿಮಗೆ ಎರಡೇ ದಾರಿ. ಒಂದು ಹಸ್ಲಿಯೊ ಬ್ಯಾಕಪ್ ಸೂಟ್, ಇನ್ನೊಂದು ವೀಮ್ ಏಜೆಂಟ್. ಮನೆಯಲ್ಲಿ ಬೇರೆಯವರೂ ಕೂರ್ತಾರೆ ಅಂದ್ರೆ ಹಸ್ಲಿಯೊ. ಒಮ್ಮೆ ಹೊಂದಿಸಿ ಮರೆತುಬಿಡೋರಿಗೆ ವೀಮ್. ಅಯೋಮಿ ಸ್ಟ್ಯಾಂಡರ್ಡ್ ಕೂಡ ಇಮೇಜ್ ತೆಗೆಯುತ್ತೆ, ಆದ್ರೆ ನಾಳೆ ವಿಂಡೋಸ್ ಸಮೇತ ಹೊಸ ಎಸ್‌ಎಸ್‌ಡಿಗೆ ಕ್ಲೋನ್ (ಡಿಸ್ಕಿಂದ ಡಿಸ್ಕಿಗೆ ನೇರ ನಕಲು) ಮಾಡೋಕೆ ಹೋದಾಗ ದುಡ್ಡು ಕಟ್ಟಿ ಅನ್ನುತ್ತೆ. ನಿಮ್ಮ ಡಿಸ್ಕು ಡಬ್ಲ್ಯುಡಿ ಕಂಪನಿದಾಗಿದ್ರೆ ಅವರದೇ ಅಕ್ರಾನಿಸ್ ಪುಕ್ಕಟೆ ಸಿಗುತ್ತೆ. ಆ ಕಂಪನಿ ಡಿಸ್ಕ್ ಚುಚ್ಚಿದ್ರೆ ಮಾತ್ರ ಅದು ತೆರೆಯೋದು, ಅದನ್ನ ನೆನಪಿಡಿ.

ಬಂಗಾರಪೇಟೆ ಬೈಟ್:
ಸಾಫ್ಟ್‌ವೇರಿನ ಹೆಸರಿಗಿಂತ ಮೊದಲು ಏನನ್ನು ಎಲ್ಲಿಡಬೇಕು ಎಂಬುದನ್ನು ತೀರ್ಮಾನಿಸಿ. ಸಿ ಮತ್ತು ಡಿ ಎರಡಕ್ಕೂ ಒಂದೇ ಮದ್ದಲ್ಲ.

ಸಿ ಡ್ರೈವಿಗೆ ಇಮೇಜ್ ಬೇಕು. ಫೈಲುಗಳನ್ನು ನಕಲು ಮಾಡಿದರೆ ವಿಂಡೋಸ್ ಬೂಟ್ ಆಗುವುದಿಲ್ಲ. ವಿಂಡೋಸ್ ಎದ್ದೇಳಲು ಸಿ ಅಷ್ಟೇ ಸಾಲದು. ಅದೇ ಎಸ್‌ಎಸ್‌ಡಿಯಲ್ಲಿ ಕಣ್ಣಿಗೆ ಬೀಳದ ಇಎಫ್‌ಐ ಪಾರ್ಟಿಷನ್ (ವಿಂಡೋಸನ್ನು ಎಬ್ಬಿಸುವ ಫೈಲುಗಳಿರುವ ಡಿಸ್ಕಿನ ಭಾಗ) ಇರುತ್ತದೆ, ಸಾಮಾನ್ಯವಾಗಿ 100 ಎಂಬಿ. ಅದರ ಜೊತೆ 16 ಎಂಬಿಯ ಎಂಎಸ್‌ಆರ್ (ವಿಂಡೋಸ್ ತನಗೆಂದು ಕಾದಿರಿಸಿದ ಜಾಗ), ಕೊನೆಯಲ್ಲಿ ರಿಕವರಿ ಪಾರ್ಟಿಷನ್. 'ಸಿಸ್ಟಮ್ ಬ್ಯಾಕಪ್' ಎಂಬ ಆಯ್ಕೆ ಒತ್ತಿದರೆ ಇವೆಲ್ಲ ತಾವಾಗಿ ಸೇರಿಕೊಳ್ಳುತ್ತವೆ. 'ಪಾರ್ಟಿಷನ್ ಬ್ಯಾಕಪ್' ಒತ್ತಿ ಸಿ ಒಂದಕ್ಕೇ ಟಿಕ್ ಹಾಕಿದವರು ಹೊಸ ಡಿಸ್ಕಿನಲ್ಲಿ ವಿಂಡೋಸ್ ಏಳದೆ ಸಿಕ್ಕಿಬೀಳುತ್ತಾರೆ.

ಡಿ ಡ್ರೈವಿಗೆ ಇಮೇಜಿನ ಅಗತ್ಯವಿಲ್ಲ. ಫೋಟೊ, ವಿಡಿಯೊ ಈಗಾಗಲೇ ಕುಗ್ಗಿಸಿದ ಫೈಲುಗಳು. ಇಮೇಜಿನೊಳಗೆ ಹಾಕಿದರೂ ಗಾತ್ರ ಇಳಿಯದು, ಒಂದು ಫೋಟೊ ಬೇಕಾದರೂ ಇಮೇಜ್ ತೆರೆಯಬೇಕು. ಫೈಲುಗಳಾಗಿಯೇ ನಕಲು ಮಾಡಿ. ಯಾವ ಕಂಪ್ಯೂಟರಿಗೆ ಚುಚ್ಚಿದರೂ ಕಾಣುತ್ತವೆ.

ಲೆಕ್ಕ ಹೀಗೆ. 1 ಟಿಬಿ ಡಿಸ್ಕನ್ನು ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ. ಡಿ ನಕಲು 380 ಹೋದರೆ 551 ಉಳಿಯಿತು. 140 ಜಿಬಿಯ ಸಿ ಇಮೇಜ್ ಕಂಪ್ರೆಸ್ ಆಗಿ ಸುಮಾರು 90 ಜಿಬಿ ಬರಬಹುದು. ವಾರಕ್ಕೊಂದು ಇನ್‌ಕ್ರಿಮೆಂಟಲ್ (ಹಿಂದಿನ ಬ್ಯಾಕಪ್ಪಿನ ನಂತರ ಬದಲಾದದ್ದು ಮಾತ್ರ) ಸೇರಿಸಿದರೆ ತಿಂಗಳ ಒಂದು ಸರಣಿ 120 ಜಿಬಿಯೊಳಗೆ ಮುಗಿಯುತ್ತದೆ. ಎರಡು ತಿಂಗಳ ಸರಣಿ ಇಟ್ಟರೂ ಜಾಗ ಸಾಕಷ್ಟು ಉಳಿಯುತ್ತದೆ.

ಚಿಂತಾಮಣಿ ಲಿನಕ್ಸ್:
ಇಷ್ಟೆಲ್ಲ ಯಾಕ್ ಸರ್? ರೆಸ್ಕ್ಯೂಜಿಲ್ಲಾ ಸಾಕಲ್ವಾ? ಪೆನ್‌ಡ್ರೈವಿಂದ ಬೂಟ್ ಮಾಡಿ, ಮೌಸಲ್ಲಿ 'ಬ್ಯಾಕಪ್' ಒತ್ತಿ, ಡಿಸ್ಕ್ ಆರಿಸಿ, ಎಲ್ಲಿ ಇಡ್ಬೇಕು ಹೇಳಿ, ಮುಗೀತು. ವಿಂಡೋಸಲ್ಲಿ ಏನೂ ಇನ್‌ಸ್ಟಾಲ್ ಮಾಡೋ ಹಾಗಿಲ್ಲ, ಖಾತೆ ತೆರೆಯೋದು ಬೇಡ, ಜಾಹೀರಾತಿಲ್ಲ, ನಾಳೆ ಕಂಪನಿ ಮುಚ್ಚಿತು ಅನ್ನೋ ಭಯ ಇಲ್ಲ. ಮ್ಯಾಕ್ರಿಯಂಗೆ ಆದದ್ದು ನೋಡಿದ ಮೇಲೂ ಇನ್ನೊಂದು ಕಂಪನಿ ಉಚಿತಕ್ಕೆ ಜೋತುಬೀಳೋದು ನನಗೆ ಸರಿ ಕಾಣಲ್ಲ. ಒಳಗೆ ಕೆಲಸ ಮಾಡೋದು ಕ್ಲೋನ್‌ಜಿಲ್ಲಾ ಅನ್ನೋ ಇನ್ನೊಂದು ಸಾಫ್ಟ್‌ವೇರಲ್ಲಿರೋ ನಕಲು ಪ್ರೋಗ್ರಾಮು, ಪಾರ್ಟ್‌ಕ್ಲೋನೇ. ಕ್ಲೋನ್‌ಜಿಲ್ಲಾ ಇಮೇಜನ್ನೂ ಇದು ತೆರೆಯುತ್ತೆ. ತುಂಬಿರೋ ಜಾಗ ಮಾತ್ರ ನಕಲಾಗುತ್ತೆ, ಖಾಲಿ ಜಾಗ ಬಿಡುತ್ತೆ.

ಕ್ಯಾತ್ಸಂದ್ರ ಹಾರ್ಡ್‌ವೇರ್:
ಅಣ್ಣಾ, ರೆಸ್ಕ್ಯೂಜಿಲ್ಲಾ ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಅವರು ಕೇಳಿರೋದು ಮನೆಯವರೆಲ್ಲ ನಡೆಸೋ ಅಂಥದ್ದು. ಪ್ರತಿ ಸಲ ಕಂಪ್ಯೂಟರ್ ಆಫ್ ಮಾಡಿ, ಬೂಟ್ ಮೆನು ಒತ್ತಿ, ಅರ್ಧ ಗಂಟೆ ಕಾಯೋದು ಅಂದ್ರೆ ಮೂರನೇ ತಿಂಗಳಿಂದ ಯಾರೂ ಮಾಡಲ್ಲ. ಟೈಮ್ ಹಾಕಿ ಬಿಡೋ ಹಾಗಿಲ್ಲ. ಇನ್‌ಕ್ರಿಮೆಂಟಲ್ ಇಲ್ಲ, ಪ್ರತಿ ಸಲ ಪೂರ್ತಿ 90 ಜಿಬಿ.

ಇನ್ನೆರಡು ತೊಡಕು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಅಂದ್ರೂ ಅದು ಅರ್ಧ ನಿದ್ದೆ. ಆಗ ಪಾರ್ಟ್‌ಕ್ಲೋನು ಈ ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕಿನ ಫಾರ್ಮ್ಯಾಟ್) ಇನ್ನೂ ಬಳಕೆಯಲ್ಲಿದೆ ಅಂತ ನಿಂತುಬಿಡುತ್ತೆ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಡ್ಬೇಕು, ಇಲ್ಲಾ ರೀಸ್ಟಾರ್ಟ್ ಕೊಟ್ಟು ಪೆನ್‌ಡ್ರೈವಿಂದ ಏಳಿಸ್ಬೇಕು. ರೀಸ್ಟಾರ್ಟಲ್ಲಿ ಪೂರ್ತಿ ಮುಚ್ಚಿ ಏಳುತ್ತೆ, ಅದಕ್ಕೆ ಅದು ಸರಿ. ಎರಡನೇದು, ಹೊಸ ಡಿಸ್ಕ್ ಹಳೇದಕ್ಕಿಂತ ಚೂರು ಚಿಕ್ಕದಾದ್ರೂ ಅದು ವಾಪಸ್ ಹಾಕಲ್ಲ. ನೀನೇ ಹೇಳು, ಇದೆಲ್ಲ ಗೊತ್ತಿಲ್ಲದೋರಿಗೆ ಅದನ್ನ ಕೊಟ್ರೆ ಹೇಗೆ?

ಚಿಂತಾಮಣಿ ಲಿನಕ್ಸ್:
ಸರಿ ಬಿಡಣ್ಣ, ಟೈಮ್ ಹಾಕೋ ವಿಷಯ ಒಪ್ಕೊಂಡೆ. ಆದ್ರೂ ವರ್ಷಕ್ಕೆರಡು ಸಲ ಇದರಲ್ಲೊಂದು ಇಮೇಜ್ ತೆಗೆದು ಬೇರೆ ಕಡೆ ಇಟ್ಕೊಳ್ಳಿ ಅಂತೀನಿ. ಬೇರೆ ಸಾಫ್ಟ್‌ವೇರ್, ಬೇರೆ ಬಗೆಯ ಇಮೇಜು. ಒಂದರ ಕಾಯಿಲೆ ಇನ್ನೊಂದಕ್ಕೆ ಅಂಟಲ್ಲ.

ಶಿರಾ ಗೇಟ್:
ವಿಂಡೋಸಲ್ಲೇ ಸಿಸ್ಟಮ್ ಇಮೇಜ್ ಇದೆಯಲ್ಲ ಸ್ವಾಮಿ, ಕಂಟ್ರೋಲ್ ಪ್ಯಾನೆಲ್ ಒಳಗೆ. ಬೇರೆ ಯಾಕೆ ಹುಡುಕೋದು?

ಬಂಗಾರಪೇಟೆ ಬೈಟ್:
ಇದೆ. 'ಬ್ಯಾಕಪ್ ಅಂಡ್ ರಿಸ್ಟೋರ್ (ವಿಂಡೋಸ್ 7)' ಎಂಬ ಹೆಸರಿನಲ್ಲಿ ಇನ್ನೂ ಕೂತಿದೆ. ಆದರೆ ಮೈಕ್ರೋಸಾಫ್ಟ್ 2017ರಲ್ಲೇ ಸಿಸ್ಟಮ್ ಇಮೇಜನ್ನು ಕೈಬಿಡುವ ಪಟ್ಟಿಗೆ ಸೇರಿಸಿ, ಬೇರೆ ಕಂಪನಿಗಳ ಸಾಫ್ಟ್‌ವೇರ್ ಬಳಸಿ ಎಂದು ತಾನೇ ಹೇಳಿದೆ. ಬಳಸುವವರಿಗೆ ಎದುರಾಗುವ ತೊಂದರೆಗಳು ಇವು.

ಕೊನೆಯಲ್ಲಿ 80780119 ಇರುವ ದೋಷ ಬಂದು ಇಮೇಜ್ ಅರ್ಧಕ್ಕೆ ನಿಲ್ಲುತ್ತದೆ. ಜನ ಹೊರಗಿನ ಡಿಸ್ಕಿನಲ್ಲಿ ಜಾಗ ಇಲ್ಲವೆಂದುಕೊಳ್ಳುತ್ತಾರೆ. ಕೊರತೆ ಇರುವುದು ಒಳಗಿನ ಚಿಕ್ಕ ಪಾರ್ಟಿಷನ್ನಿನಲ್ಲಿ. 500 ಎಂಬಿಗಿಂತ ಸಣ್ಣದಕ್ಕೆ ಕನಿಷ್ಠ 50 ಎಂಬಿ, ಅದಕ್ಕಿಂತ ದೊಡ್ಡದಕ್ಕೆ 320 ಎಂಬಿ ಖಾಲಿ ಇರಬೇಕು. ರಿಕವರಿ ಪಾರ್ಟಿಷನ್ ಅಪ್‌ಡೇಟುಗಳಿಂದ ತುಂಬಿಕೊಂಡಿದ್ದರೆ ಶ್ಯಾಡೋ ಕಾಪಿಗೆ (ಓಡುತ್ತಿರುವ ಡ್ರೈವಿನ ಆ ಕ್ಷಣದ ನಕಲಿಗೆ) ಜಾಗ ಸಿಗದು.

ಇಮೇಜ್ ಇರುವ ಫೋಲ್ಡರಿನ ಹೆಸರು ಬದಲಿಸಿದರೆ, ಇಲ್ಲವೇ ಅದನ್ನು ಇನ್ನೊಂದು ಫೋಲ್ಡರಿನೊಳಗೆ ಸರಿಸಿದರೆ, ವಾಪಸ್ ಹಾಕುವಾಗ ವಿಂಡೋಸಿಗೆ ಇಮೇಜ್ ಕಾಣಿಸುವುದಿಲ್ಲ. ಅದು ಡಿಸ್ಕಿನ ಮೊದಲ ಹಂತದಲ್ಲೇ ಇರಬೇಕು. ಜೊತೆಗೆ ಹೊಸ ಡಿಸ್ಕ್ ಹಳೆಯದರಷ್ಟಾದರೂ ದೊಡ್ಡದಿರಬೇಕು.

ವಿಂಡೋಸ್ 11ರಲ್ಲಿ 'ವಿಂಡೋಸ್ ಬ್ಯಾಕಪ್' ಎಂಬ ಆ್ಯಪ್ ಬೇರೆ ಇದೆ. ಹೆಸರು ನೋಡಿ ಮೋಸ ಹೋಗಬೇಡಿ. ಅದು ಸೆಟ್ಟಿಂಗು ಮತ್ತು ಕೆಲವು ಫೋಲ್ಡರುಗಳನ್ನು ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವಿಗೆ ಕಳಿಸುತ್ತದೆ. ಅಲ್ಲಿ ಉಚಿತ ಜಾಗ 5 ಜಿಬಿ. ಅದು ಇಮೇಜ್ ಅಲ್ಲ.

ಬಟವಾಡಿ ಮನೆ:
ಹಾಗಾದರೆ ಸಿಗೆ ಹಸ್ಲಿಯೊ, ಡಿಗೆ ಫೈಲ್ ನಕಲು. ಹಂತಹಂತವಾಗಿ ಹೇಳಿದರೆ ಪ್ರಿಂಟ್ ತೆಗೆದು ಕಂಪ್ಯೂಟರ್ ಪಕ್ಕ ಅಂಟಿಸುತ್ತೇನೆ. ವೀಮ್ ಯಾಕೆ ಬೇಡ ಎಂದೂ ಒಂದು ಮಾತು ಹೇಳಿ.

ಕ್ಯಾತ್ಸಂದ್ರ ಹಾರ್ಡ್‌ವೇರ್:
ವೀಮ್ ಬೇಡ ಅಂತಲ್ಲ. ಉಚಿತದಲ್ಲಿ ಒಂದೇ ಜಾಬ್ (ಹೊಂದಿಸಿಟ್ಟ ಬ್ಯಾಕಪ್ ಕೆಲಸ) ಕೊಡುತ್ತೆ, ಡೌನ್‌ಲೋಡಿಗೇ ಹೆಸರು ನೋಂದಾಯಿಸ್ಬೇಕು. ಅದರಲ್ಲಿ ನನಗೆ ಇಷ್ಟವಾದ್ದು ಎರಡು. ಡಿಸ್ಕ್ ಚುಚ್ಚಿದ ತಕ್ಷಣ ಬ್ಯಾಕಪ್ ಶುರು ಮಾಡೋ ಆಯ್ಕೆ, ಮುಗಿದ ಮೇಲೆ ಡಿಸ್ಕನ್ನ ತಾನೇ ಇಜೆಕ್ಟ್ ಮಾಡೋ ಆಯ್ಕೆ. ಮನೆಯವರ ಕೆಲಸ ಚುಚ್ಚೋದು, ಕೀಳೋದು ಅಷ್ಟೇ. ಆದ್ರೆ ಅವಧಿ ಮೀರಿದ ಮೇಲೆ ಅದು ಹಳೇ ಇನ್‌ಕ್ರಿಮೆಂಟಲನ್ನ ದೊಡ್ಡ ಫೈಲಿಗೆ ಬೆರೆಸುತ್ತೆ. ಸಣ್ಣ ಪೋರ್ಟಬಲ್ ಡಿಸ್ಕಲ್ಲಿ ಅದು ಬಹಳ ಹೊತ್ತು ಹಿಡಿಯುತ್ತೆ. ಆ ಹೊತ್ತಲ್ಲಿ ಯಾರಾದ್ರೂ ವೈರ್ ಎಳೆದ್ರೆ ಕೆಡೋದು ಆ ಮೂಲ ಫೈಲೇ. ಅದಕ್ಕೇ ನಿಮಗೆ ಹಸ್ಲಿಯೊ ಅಂದೆ.

ಈಗ ಕೆಲಸಕ್ಕೆ ಬನ್ನಿ.

ಮೊದಲು ಹೊರಗಿನ ಡಿಸ್ಕ್ ಯಾವ ಫಾರ್ಮ್ಯಾಟಲ್ಲಿದೆ ನೋಡಿ. ದಿಸ್ ಪಿಸಿಯಲ್ಲಿ ಅದರ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್. ಎಕ್ಸ್‌ಫ್ಯಾಟ್ ಅಂತಿದ್ರೆ ಒಳಗಿರೋದನ್ನ ಬೇರೆ ಕಡೆ ತೆಗೆದಿಟ್ಟು ಎನ್‌ಟಿಎಫ್‌ಎಸ್ ಮಾಡ್ಕೊಳ್ಳಿ. ಮಧ್ಯೆ ಕರೆಂಟ್ ಹೋದ್ರೆ ಎನ್‌ಟಿಎಫ್‌ಎಸ್ ತನ್ನ ಜರ್ನಲ್ (ಬರೆಯೋ ಕೆಲಸದ ದಾಖಲೆ) ನೋಡಿಕೊಂಡು ಸರಿಯಾಗುತ್ತೆ, ಎಕ್ಸ್‌ಫ್ಯಾಟಿಗೆ ಆ ಜರ್ನಲ್ ಇಲ್ಲ. ಫ್ಯಾಟ್32 ಅಂತೂ 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನ ಇಟ್ಕೊಳ್ಳೋದೇ ಇಲ್ಲ. ಫಾರ್ಮ್ಯಾಟ್ ಆದ ಮೇಲೆ ಹೆಸರನ್ನ 'ಬ್ಯಾಕಪ್-1' ಅಂತ ಇಡಿ. ರಿಕವರಿ ಪೆನ್‌ಡ್ರೈವಿಂದ ಎದ್ದಾಗ ಸಿ, ಡಿ, ಇ ಅಕ್ಷರ ಅದಲು ಬದಲಾಗುತ್ತವೆ. ಹೆಸರು ಬದಲಾಗಲ್ಲ, ಅದನ್ನ ನೋಡೇ ಗುರುತು ಹಿಡೀಬೇಕು.

ಡಿಸ್ಕನ್ನ ಡೆಸ್ಕ್‌ಟಾಪಿನ ಹಿಂದಿರೋ ನೀಲಿ ಪೋರ್ಟಿಗೆ ಹಾಕಿ. ಮುಂದಿನ ಕರೀ ಪೋರ್ಟು ಹೆಚ್ಚಾಗಿ ಯುಎಸ್‌ಬಿ 2.0, ಸೆಕೆಂಡಿಗೆ 35 ಎಂಬಿ ದಾಟೋದು ಕಷ್ಟ. ನೀಲಿಯಲ್ಲಿ 100 ಎಂಬಿ ಆಸುಪಾಸು. ನಿಮ್ಮ 380 ಜಿಬಿಗೆ ಒಂದರಲ್ಲಿ ಮೂರು ಗಂಟೆ, ಇನ್ನೊಂದರಲ್ಲಿ ಒಂದು ಗಂಟೆ ಚಿಲ್ಲರೆ. ಸಣ್ಣ ಸಣ್ಣ ಫೈಲು ಸಾವಿರಾರು ಇದ್ರೆ ಇನ್ನೂ ಹೆಚ್ಚು ಹಿಡಿಯುತ್ತೆ.

ಹಸ್ಲಿಯೊ ಹಾಕಿದ ಮೇಲೆ ಬ್ಯಾಕಪ್ಪಿಗಿಂತ ಮುಂಚೆ ಎಮರ್ಜೆನ್ಸಿ ಡಿಸ್ಕ್, ಅಂದ್ರೆ ಮೇಲೆ ಹೇಳಿದ ರಿಕವರಿ ಪೆನ್‌ಡ್ರೈವ್, ಮಾಡಿ. ನಿಮ್ಮ 8 ಜಿಬಿ ಪೆನ್‌ಡ್ರೈವ್ ಧಾರಾಳ. ಒಳಗಿದ್ದದ್ದೆಲ್ಲ ಅಳಿಸಿ ಹೋಗುತ್ತೆ. ರೀಸ್ಟಾರ್ಟ್ ಮಾಡಿ ಬೂಟ್ ಮೆನು ಕೀ ಒತ್ತಿ. ಡೆಲ್, ಲೆನೊವೊ, ಗಿಗಾಬೈಟ್ ಬೋರ್ಡಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಎಂಎಸ್‌ಐ ಎಫ್11, ಏಸಸ್ ಡೆಸ್ಕ್‌ಟಾಪ್ ಬೋರ್ಡಲ್ಲಿ ಎಫ್8. ಪೆನ್‌ಡ್ರೈವಿಂದ ಎದ್ದ ಮೇಲೆ ನೋಡ್ಬೇಕಾದ್ದು ಎರಡು: ಒಳಗಿನ 256 ಜಿಬಿ ಎಸ್‌ಎಸ್‌ಡಿ ಕಾಣ್ತಾ ಇದೆಯಾ, ಹೊರಗಿನ ಡಿಸ್ಕ್ ಕಾಣ್ತಾ ಇದೆಯಾ. ಎರಡೂ ಕಂಡ್ರೆ ಮಾತ್ರ ಮುಂದೆ. ಒಂದು ಕಾಣದಿದ್ರೂ ನೀವು ತೆಗೆಯೋ ಇಮೇಜು ಕಷ್ಟಕಾಲಕ್ಕೆ ಒದಗಲ್ಲ, ಎಷ್ಟೇ ಚೆನ್ನಾಗಿರೋ ಸಾಫ್ಟ್‌ವೇರ್ ಆಗ್ಲಿ.

ಆಮೇಲೆ ವಿಂಡೋಸಿಗೆ ವಾಪಸ್ ಬಂದು ಸಿಸ್ಟಮ್ ಬ್ಯಾಕಪ್. ಪಾರ್ಟಿಷನ್ನುಗಳಿಗೆ ತಾನೇ ಟಿಕ್ ಹಾಕಿರುತ್ತೆ, ಮುಟ್ಟಬೇಡಿ. ಜಾಗ ಬ್ಯಾಕಪ್-1ರಲ್ಲಿ ಒಂದು ಫೋಲ್ಡರ್. ಕಂಪ್ರೆಶನ್ ಮಧ್ಯಮದಲ್ಲೇ ಬಿಡಿ. ಹೆಚ್ಚಿಗೆ ಮಾಡಿದ್ರೆ ಹೊತ್ತು ಬಹಳ ಹಿಡಿಯುತ್ತೆ, ಉಳಿಯೋ ಜಾಗ ಅಷ್ಟಕ್ಕಷ್ಟೆ. ವಾರಕ್ಕೊಮ್ಮೆ ಇನ್‌ಕ್ರಿಮೆಂಟಲ್, ತಿಂಗಳಿಗೊಂದು ಹೊಸ ಫುಲ್ ಅಂತ ಹೊಂದಿಸಿ, ಎರಡು ಸರಣಿ ಇಟ್ಟು ಹಳೇದನ್ನ ಅಳಿಸೋಕೆ ಹೇಳಿ. ಒಂದೇ ಫುಲ್ಲಿನ ಮೇಲೆ ಆರು ತಿಂಗಳ ಇನ್‌ಕ್ರಿಮೆಂಟಲ್ ಪೇರಿಸಬಾರದು. ನಡುವೆ ಒಂದು ಕೊಂಡಿ ಕೆಟ್ರೆ ಅದರ ಮುಂದಿನದ್ದೆಲ್ಲ ಹೋಯ್ತು.

ಮುಗಿದ ಮೇಲೆ ಇಮೇಜ್ ಚೆಕ್ ಓಡಿಸಿ. ಚೆಕ್ ಸರಿ ಬಂದ್ರೆ ಇಮೇಜನ್ನ ಡ್ರೈವಾಗಿ ಮೌಂಟ್ ಮಾಡಿ, ಒಳಗಿಂದ ಎರಡು ಮೂರು ಫೈಲ್ ತೆರೆದು ನೋಡಿ. ಡಿಸ್ಕ್ ಇಜೆಕ್ಟ್ ಮಾಡಿ ಬೀರುವಿನಲ್ಲಿಡಿ. ಸದಾ ಚುಚ್ಚಿಯೇ ಬಿಟ್ರೆ ರ‍್ಯಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಬಂದ ದಿನ ಬ್ಯಾಕಪ್ಪೂ ಸೇರಿ ಲಾಕ್ ಆಗುತ್ತೆ.

ಚಿಂತಾಮಣಿ ಲಿನಕ್ಸ್:
ಡಿ ಡ್ರೈವಿಗೆ ಫ್ರೀಫೈಲ್‌ಸಿಂಕ್ ಹಾಕ್ಕೊಳ್ಳಿ. ಎಡಗಡೆ ಡಿ, ಬಲಗಡೆ ಹೊರಗಿನ ಡಿಸ್ಕ್. ಮೊದಲು 'ಕಂಪೇರ್' ಒತ್ತಿ ಪಟ್ಟಿ ನೋಡಿ, ಆಮೇಲೆ 'ಸಿಂಕ್ರನೈಸ್'. 'ಮಿರರ್' ಅಂದ್ರೆ ಎಡದಲ್ಲಿ ಇಲ್ಲದ್ದು ಬಲದಲ್ಲೂ ಅಳಿಸುತ್ತೆ. ಎಡ ಬಲ ಅದಲು ಬದಲಾಗಿ ಹಾಕಿದ್ರೆ ಖಾಲಿ ಡಿಸ್ಕನ್ನ ನೋಡ್ಕೊಂಡು ನಿಮ್ಮ ಫೋಟೊ ಎಲ್ಲ ಅಳಿಸಿಬಿಡುತ್ತೆ. ಅದಕ್ಕೆ ಡಿಲೀಟ್ ಮಾಡೋ ವಿಧಾನ 'ವರ್ಷನಿಂಗ್'ನಲ್ಲಿಟ್ಟು ಒಂದು ಫೋಲ್ಡರ್ ತೋರಿಸಿ. ಅಳಿಸಿದ್ದು, ಬದಲಾದದ್ದು ಎಲ್ಲ ಅಲ್ಲಿಗೆ ಹೋಗಿ ಕೂರುತ್ತೆ. ಪಟ್ಟಿಯಲ್ಲಿ ಸಾವಿರಾರು ಡಿಲೀಟ್ ಕಂಡ್ರೆ ಕೈ ತೆಗೀರಿ, ಏನೋ ಎಡವಟ್ಟಾಗಿದೆ.

ಇನ್ನೊಂದು ಕನ್ನಡದವರಿಗೇ ಬರೋ ತೊಂದರೆ ಇದೆ. ವಿಂಡೋಸಲ್ಲಿ ಫೋಲ್ಡರ್ ಸೇರಿ ಪೂರ್ತಿ ದಾರಿ 260 ಅಕ್ಷರ ಮೀರಿದ್ರೆ ಹಳೇ ಪ್ರೋಗ್ರಾಮುಗಳು ಎಡವುತ್ತವೆ. ಕನ್ನಡದಲ್ಲಿ ಹೆಸರಿಟ್ರೆ ಆ ಮಿತಿ ಬೇಗ ಬರುತ್ತೆ. ಕಣ್ಣಿಗೆ 'ಶ್ರೀ' ಒಂದೇ ಅಕ್ಷರ, ಕಂಪ್ಯೂಟರ್ ಲೆಕ್ಕಕ್ಕೆ ಶ, ವಿರಾಮ, ರ, ಈತ್ವ ಅಂತ ನಾಲ್ಕು. ಲಿನಕ್ಸಿನ ಎಕ್ಸ್‌ಟಿ4 ಫಾರ್ಮ್ಯಾಟಿನ ಡಿಸ್ಕಿಗೋ ಮನೆಯ ನ್ಯಾಸ್‌ಗೋ (ನೆಟ್‌ವರ್ಕಿಗೆ ಹಾಕಿದ ಡಿಸ್ಕ್ ಪೆಟ್ಟಿಗೆ) ನಕಲು ಮಾಡಿದ್ರೆ ಇನ್ನೂ ಬಿಗಿ. ಅಲ್ಲಿ ಒಂದು ಫೈಲ್ ಹೆಸರಿಗೆ 255 ಬೈಟ್, ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಅಲ್ಲಿಗೆ 85 ಚಿಹ್ನೆ. 'ನಮ್ಮೂರ ಜಾತ್ರೆಯ ಎರಡನೇ ದಿನ ಬೆಳಗ್ಗೆ ತೇರಿನ ಮುಂದೆ ತೆಗೆದ ಎಲ್ಲರ ಫೋಟೊ' ಅನ್ನೋ ಥರದ ಹೆಸರು ಇಟ್ರೆ ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ತುಂಬಿಬಿಡುತ್ತೆ. ಹೆಸರು ಚಿಕ್ಕದಾಗಿರಲಿ, ಮುಂದೆ ವರ್ಷ ತಿಂಗಳು ಅಂಕಿಯಲ್ಲಿರಲಿ.

ಗೌರಿಬಿದನೂರು ಡಿಟಿಪಿ:
ನುಡಿ ಅಂದಿದ್ದೀರಲ್ಲ, ಅದಕ್ಕೊಂದು ಮಾತು. ಹಳೆಯ ನುಡಿ, ಬರಹ ಫೈಲುಗಳು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದಿದ್ದರೆ ಅಕ್ಷರ ಇರುವುದೆಲ್ಲ ಫಾಂಟಿನಲ್ಲೇ. ಫೈಲ್ ಮಾತ್ರ ಉಳಿದು ನುಡಿ 01 ಇ ಥರದ ಫಾಂಟ್ ಹೋದರೆ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಇಮೇಜಿನಲ್ಲಿ ಫಾಂಟ್ ತಾನಾಗಿ ಬರುತ್ತದೆ. ಆದರೆ ಹೊಸ ಕಂಪ್ಯೂಟರಿಗೆ ಫೈಲ್ ಮಾತ್ರ ಒಯ್ಯುವ ದಿನಕ್ಕಾಗಿ ಫಾಂಟುಗಳನ್ನೂ ಬೇರೆಯಾಗಿ ನಕಲಿಸಿಡಿ. ವಿಂಡೋಸ್ ಫೋಲ್ಡರಿನ ಫಾಂಟ್ಸ್ ಒಂದು ಜಾಗ. 'ನನಗೆ ಮಾತ್ರ' ಎಂದು ಇನ್‌ಸ್ಟಾಲ್ ಮಾಡಿದ ಫಾಂಟುಗಳು ಅಲ್ಲಿರುವುದಿಲ್ಲ. ಯೂಸರ್ಸ್ ಒಳಗೆ ನಿಮ್ಮ ಹೆಸರು, ಅದರಲ್ಲಿ ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್, ಅಲ್ಲಿ ನೋಡಿ. ಆಪ್‌ಡೇಟಾ ಮರೆಯಾಗಿರುತ್ತದೆ, ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಬೇಕು.

ತಿಪಟೂರು ಅಕೌಂಟ್ಸ್:
ಟ್ಯಾಲಿಗೂ ಸೇರಿಸಿ. ಇಮೇಜ್ ಶುರುವಾಗುವ ಮುಂಚೆ ಟ್ಯಾಲಿ ಮುಚ್ಚಿ. ತೆರೆದಿದ್ದರೂ ಶ್ಯಾಡೋ ಕಾಪಿ ಆ ಕ್ಷಣದ ಸ್ಥಿತಿಯನ್ನು ಹಿಡಿಯುತ್ತದೆ, ಆದರೆ ಅದು ಎಂಟ್ರಿ ಅರ್ಧ ಬರೆದ ಸ್ಥಿತಿಯೂ ಆಗಿರಬಹುದು. ಕಂಪನಿ ಡೇಟಾ ಅಂಕಿಯ ಹೆಸರಿನ ಫೋಲ್ಡರುಗಳಲ್ಲಿರುತ್ತದೆ. ದಾರಿ ಯಾವುದೆಂದು ಟ್ಯಾಲಿಯಲ್ಲೇ ಕಾಣುತ್ತದೆ. ದಿನದ ಕೊನೆಗೆ ಟ್ಯಾಲಿಯ ಒಳಗಿನ ಬ್ಯಾಕಪ್ ಕೊಟ್ಟು ಆ ಫೈಲನ್ನು ಡಿ ಡ್ರೈವಿಗೆ ಹಾಕಿದರೆ ಫ್ರೀಫೈಲ್‌ಸಿಂಕ್ ಅದನ್ನೂ ಒಯ್ಯುತ್ತದೆ. ಮದರ್‌ಬೋರ್ಡ್ ಬದಲಾದರೆ ಲೈಸೆನ್ಸ್ ಮತ್ತೆ ಆಕ್ಟಿವೇಟ್ ಮಾಡಬೇಕಾಗುತ್ತದೆ, ಸೀರಿಯಲ್ ನಂಬರ್ ಬರೆದಿಡಿ. ಜಿಎಸ್‌ಟಿಗೆ ಬಳಸುವ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ನಿನ ಕೀ ಟೋಕನ್ನಿನಲ್ಲೇ ಇರುತ್ತದೆ, ಇಮೇಜಿಗೆ ಬರುವುದಿಲ್ಲ.

ಬಟವಾಡಿ ಮನೆ:
ಡೆಸ್ಕ್‌ಟಾಪಿನಲ್ಲಿ ಎರಡೂ ಡಿಸ್ಕ್ ಕಂಡವು. ಮೊದಲ ಇಮೇಜ್ 87 ಜಿಬಿ ಬಂತು, ಚೆಕ್ ಸರಿ. ಎಲ್ಲರಿಗೂ ಧನ್ಯವಾದ. ಇದೇ ರೀತಿ ಮನೆಯ ಲ್ಯಾಪ್‌ಟಾಪಿಗೂ ಮಾಡಹೊರಟರೆ ಪೆನ್‌ಡ್ರೈವಿನಿಂದ ಎದ್ದಾಗ ಒಳಗಿನ ಎಸ್‌ಎಸ್‌ಡಿಯೇ ಪಟ್ಟಿಯಲ್ಲಿಲ್ಲ. ಇಂಟೆಲ್ 12ನೇ ತಲೆಮಾರು. ಬಯಾಸಿನಲ್ಲಿ (ವಿಂಡೋಸ್ ಏಳುವ ಮುಂಚಿನ ಸೆಟಪ್ ಪರದೆ) ಡಿಸ್ಕ್ ಕಾಣುತ್ತದೆ. ಸೆಟ್ಟಿಂಗ್ಸಿನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಎಂದಿದೆ, ನಾವಂತೂ ಮಾಡಿಲ್ಲ.

ಬಂಗಾರಪೇಟೆ ಬೈಟ್:
ಇವೆರಡೂ ಬೇರೆ ಬೇರೆ ವಿಷಯ.

ಡಿಸ್ಕ್ ಕಾಣದಿರಲು ಕಾರಣ ಬಹುತೇಕ ಇಂಟೆಲ್ ವಿಎಂಡಿ. 11ನೇ ತಲೆಮಾರಿನಿಂದ ಈಚೆಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಎನ್‌ವಿಎಂಇ ಡಿಸ್ಕ್ ಈ ನಿಯಂತ್ರಕದ ಹಿಂದೆ ಇರುತ್ತದೆ. ವಿಂಡೋಸಿನಲ್ಲಿ ಅದರ ಡ್ರೈವರ್ ಇದೆ, ಪೆನ್‌ಡ್ರೈವಿನಲ್ಲಿ ಇಲ್ಲ. ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾಡೆಲ್ಲಿಗೆ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇರುತ್ತದೆ. ಅದನ್ನು ಬಿಡಿಸಿದಾಗ ಐಎನ್‌ಎಫ್ ಫೈಲ್ ಇರುವ ಫೋಲ್ಡರ್ ಸಿಗಬೇಕು. ಎಮರ್ಜೆನ್ಸಿ ಡಿಸ್ಕನ್ನು ಆ ಲ್ಯಾಪ್‌ಟಾಪಿನಲ್ಲೇ ಹೊಸದಾಗಿ ತಯಾರಿಸಿ, ಡ್ರೈವರ್ ಸೇರಿಸುವ ಜಾಗದಲ್ಲಿ ಆ ಫೋಲ್ಡರ್ ತೋರಿಸಿ. ಡೆಸ್ಕ್‌ಟಾಪಿನಲ್ಲಿ ಮಾಡಿದ್ದನ್ನೇ ಲ್ಯಾಪ್‌ಟಾಪಿಗೆ ಬಳಸಬೇಡಿ, ಇನ್ನೊಂದು ಪೆನ್‌ಡ್ರೈವ್ ಇರಲಿ.

ಬಯಾಸಿಗೆ ಹೋಗಿ ವಿಎಂಡಿ ಆಫ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನೇರವಾಗಿ ಹಾಗೆ ಮಾಡಿದರೆ ವಿಂಡೋಸ್ ನೀಲಿ ಪರದೆಗೆ ಬಂದು 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎನ್ನುತ್ತದೆ. ಗಾಬರಿ ಬೇಡ, ಮತ್ತೆ ಆನ್ ಮಾಡಿದರೆ ಏಳುತ್ತದೆ.

ಎನ್‌ಕ್ರಿಪ್ಷನ್ ವಿಷಯ. ಮೈಕ್ರೋಸಾಫ್ಟ್ ಖಾತೆಯಿಂದ ಹೊಸ ಲ್ಯಾಪ್‌ಟಾಪ್ ತೆರೆದಾಗ ಅದು ತಾನೇ ಆನ್ ಆಗಿರಬಹುದು. ಒಳಗಿರುವುದು ವಿಂಡೋಸಿನ ಡಿಸ್ಕ್ ಬೀಗವಾದ ಬಿಟ್‌ಲಾಕರೇ. ಮೊದಲು ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ 48 ಅಂಕಿಯ ರಿಕವರಿ ಕೀ ತೆಗೆದು ಕಾಗದದಲ್ಲಿ ಬರೆದಿಡಿ. ಬಯಾಸಿನಲ್ಲಿ ಏನೇ ಬದಲಿಸಿದರೂ ಅದನ್ನು ಕೇಳುವ ಸಂಭವವಿದೆ. ಅದಿಲ್ಲದೆ ಬಯಾಸ್ ಮುಟ್ಟಲೇಬೇಡಿ.

ವಿಂಡೋಸ್ ಓಡುತ್ತಿರುವಾಗ ಹಸ್ಲಿಯೊ ಅಥವಾ ವೀಮ್ ತೆಗೆಯುವ ಇಮೇಜಿನಲ್ಲಿ ಡೇಟಾ ಬೀಗವಿಲ್ಲದೆ ಇರುತ್ತದೆ, ಏಕೆಂದರೆ ಆ ಹೊತ್ತಿಗೆ ಡ್ರೈವ್ ತೆರೆದಿದೆ. ಆದ್ದರಿಂದ ಆ ಇಮೇಜಿಗೆ ಸಾಫ್ಟ್‌ವೇರಿನ ಪಾಸ್‌ವರ್ಡ್ ಹಾಕಿ. ವಾಪಸ್ ಹಾಕಿದ ಮೇಲೆ ಎನ್‌ಕ್ರಿಪ್ಷನ್ ಮತ್ತೆ ಆನ್ ಮಾಡಬೇಕು. ರೆಸ್ಕ್ಯೂಜಿಲ್ಲಾದಂತೆ ಹೊರಗಿನಿಂದ ತೆಗೆದರೆ ಅದಕ್ಕೆ ಬೀಗದೊಳಗಿನದು ಕಾಣದು. ಖಾಲಿ ಜಾಗವೂ ಸೇರಿ ಇಡೀ ಪಾರ್ಟಿಷನ್ ನಕಲಾಗುತ್ತದೆ. 512 ಜಿಬಿ ಡಿಸ್ಕಾದರೆ ಇಮೇಜು ಹೆಚ್ಚುಕಡಿಮೆ ಅಷ್ಟೇ ದೊಡ್ಡದು.

ಶಿರಾ ಗೇಟ್:
ಇಮೇಜ್ ಓಡ್ತಿರುವಾಗ ಬೆಸ್ಕಾಂನವರು ಕರೆಂಟ್ ತೆಗೆದ್ರೆ? ಯುಪಿಎಸ್ 600 ವಿಎ, ಹೆಚ್ಚೆಂದ್ರೆ ಹತ್ತು ಹದಿನೈದು ನಿಮಿಷ.

ಕ್ಯಾತ್ಸಂದ್ರ ಹಾರ್ಡ್‌ವೇರ್:
ಬ್ಯಾಕಪ್ ಮಧ್ಯೆ ಹೋದ್ರೆ ಆವತ್ತಿನ ಇಮೇಜ್ ಒಂದು ಹಾಳು, ಅಷ್ಟೇ. ಅದನ್ನ ಅಳಿಸಿ ಮತ್ತೆ ಓಡ್ಸಿ. ಹಿಂದಿನ ಸರಣಿ ಹಾಗೇ ಇರುತ್ತೆ, ಎರಡು ಸರಣಿ ಇಡಿ ಅಂದದ್ದೂ ಇದಕ್ಕೇ. ಡಿಸ್ಕಿಗೆ ಒಮ್ಮೆ ಚೆಕ್‌ಡಿಸ್ಕ್ ಕೊಡಿ. ರಿಸ್ಟೋರ್ ಮಧ್ಯೆ ಹೋದ್ರೆ ಹೊಸ ಎಸ್‌ಎಸ್‌ಡಿ ಅರ್ಧ ಬರೆದು ನಿಂತಿರುತ್ತೆ, ಬೂಟ್ ಆಗಲ್ಲ. ಇಮೇಜಿಗೆ ಏನೂ ಆಗಿರಲ್ಲ, ಮತ್ತೆ ಮೊದಲಿಂದ ಶುರು ಮಾಡಿದ್ರೆ ಸರಿ. ಯುಪಿಎಸ್‌ನಲ್ಲಿ ಪ್ರಿಂಟರ್, ಸ್ಪೀಕರ್ ಏರಿಸಿದ್ರೆ ಆ ಹತ್ತು ನಿಮಿಷವೂ ಸಿಗಲ್ಲ. ಕಂಪ್ಯೂಟರ್, ಮಾನಿಟರ್ ಎರಡೇ ಇರ್ಲಿ.

ಬಟವಾಡಿ ಮನೆ:
ಲ್ಯಾಪ್‌ಟಾಪಿಗೆ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಸೇರಿಸಿದ ಮೇಲೆ ಎಸ್‌ಎಸ್‌ಡಿ ಕಂಡಿತು. ಕೊನೆಯ ಪ್ರಶ್ನೆ. ಇಮೇಜ್ ನಿಜವಾಗಿ ವಾಪಸ್ ಬರುತ್ತದೆಯೇ ಎಂದು ನೋಡಲು ಒಂದು ಚಿಕ್ಕ ಎಸ್‌ಎಸ್‌ಡಿ ಕೊಳ್ಳೋಣ ಎಂದಿದ್ದೇನೆ. ಎಂ.ಜಿ. ರಸ್ತೆಯ ಅಂಗಡಿಯಲ್ಲಿ 240 ಜಿಬಿಯ ಸಾಟಾ (ಕೇಬಲ್ಲಿನಿಂದ ಜೋಡಿಸುವ ಬಗೆ) ಇದೆ ಎಂದರು. 256ರ ಇಮೇಜ್ ಅದಕ್ಕೆ ಹಿಡಿಯುತ್ತದೆಯೇ?

ಬಂಗಾರಪೇಟೆ ಬೈಟ್:
ವಿಂಡೋಸ್ ಲೆಕ್ಕದಲ್ಲಿ 256 ಎಂದರೆ 238.4, 250 ಎಂದರೆ 232.8, 240 ಎಂದರೆ 223.5 ಜಿಬಿ. ನಿಮ್ಮಲ್ಲಿ ತುಂಬಿರುವುದು 140, ಆದ್ದರಿಂದ ಹಸ್ಲಿಯೊ ಪಾರ್ಟಿಷನ್ ಕುಗ್ಗಿಸಿ ಕೂರಿಸುತ್ತದೆ. ರೆಸ್ಕ್ಯೂಜಿಲ್ಲಾದ ಇಮೇಜು, ವಿಂಡೋಸಿನ ಸ್ವಂತ ಇಮೇಜು ಆ ಡಿಸ್ಕಿಗೆ ಹೋಗುವುದಿಲ್ಲ. ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ 480 ಅಥವಾ 500 ತೆಗೆದುಕೊಳ್ಳಿ, ಮುಂದೆ ಅದೇ ಕೆಲಸಕ್ಕೆ ಬರುತ್ತದೆ.

ಕ್ಯಾತ್ಸಂದ್ರ ಹಾರ್ಡ್‌ವೇರ್:
ಹೌದು, 480 ತಗೊಳ್ಳಿ. ಪರೀಕ್ಷೆ ಮಾಡುವಾಗ ಹಳೇ ಎನ್‌ವಿಎಂಇ ಬಿಚ್ಚಿಟ್ಟು, ಡಿ ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ಲೂ ಕಿತ್ತು, ಹೊಸದನ್ನ ಒಂದನ್ನೇ ಹಾಕಿ ರಿಸ್ಟೋರ್ ಕೊಡಿ. ಒಂದೇ ಗುರುತಿನ ಎರಡು ಡಿಸ್ಕ್ ಒಟ್ಟಿಗಿದ್ರೆ ವಿಂಡೋಸ್ ಒಂದನ್ನ ಆಫ್‌ಲೈನ್ ಮಾಡುತ್ತೆ, ಇಲ್ಲಾ ಹಳೇದರಿಂದಲೇ ಎದ್ದು ರಿಸ್ಟೋರ್ ಆಯ್ತು ಅನ್ನೋ ಭ್ರಮೆ ಹುಟ್ಟಿಸುತ್ತೆ. ಹಳೇದು ಬೋರ್ಡಲ್ಲಿ ಇಲ್ಲದಿದ್ರೆ ತಪ್ಪಿ ಅದರ ಮೇಲೆ ಬರೆಯೋ ಅಪಾಯವೂ ಇಲ್ಲ. ಹೊಸದರಿಂದ ವಿಂಡೋಸ್ ಎದ್ದು, ನುಡಿಯಲ್ಲೊಂದು ಫೈಲ್ ತೆರೆದು, ಟ್ಯಾಲಿಯಲ್ಲಿ ಕಂಪನಿ ತೆರೆದು, ಒಂದು ಹಾಳೆ ಪ್ರಿಂಟ್ ಬಂದ್ರೆ ಆಯ್ತು. ಮದರ್‌ಬೋರ್ಡ್ ಅದೇ ಇರೋದ್ರಿಂದ ವಿಂಡೋಸ್ ಆಕ್ಟಿವೇಶನ್ ಕೇಳಲ್ಲ. ಎನ್‌ವಿಎಂಇಯ ಸಣ್ಣ ಸ್ಕ್ರೂ ಜೋಪಾನ, ಬಿದ್ರೆ ಕ್ಯಾಬಿನೆಟ್ ಒಳಗೆ ಸಿಗೋದೇ ಇಲ್ಲ. ಒಂದು ತುಂಡು ಟೇಪಿಂದ ಕ್ಯಾಬಿನೆಟ್ಟಿಗೇ ಅಂಟಿಸಿಟ್ಕೊಳ್ಳಿ.